ಉಡಿಯಲ್ಲಿ ಬಂದ ಗಿಡ

ಪೇರಲ ಕಟ್ಟಿಗೆ ಉರಿಯುವಾಗ ಬರುವ ವಾಸನೆ ಹಣ್ಣಿನದಲ್ಲ. ತೊಗಟೆಯ ಒಗರು, ಅದರ ಹಿಂದೆ ಒಂದಿಷ್ಟು ಸಿಹಿ, ಆಮೇಲೆ ಕಣ್ಣಿಗೆ ಹತ್ತುವ ಹೊಗೆ. ಮೊನ್ನೆ ಗಿರಿಜತ್ತಿಯ ಮೊಮ್ಮಗನ ಜವಳಕ್ಕೆಂದು ಸಪ್ತಾಪುರದ ನನ್ನ ಖೋಲಿಯಿಂದ ಬಸ್ಸು ಹಿಡಿದು ಹೋದಾಗ, ಅಂಗಳಕ್ಕೆ ಕಾಲಿಡುವ ಮೊದಲೇ ಆ ವಾಸನೆ ಬಂತು. ಹಿತ್ತಿಲಿನ ನೀರೊಲೆಯಲ್ಲಿ ಕೂಸಿನ ಸ್ನಾನಕ್ಕೆ ನೀರು ಕಾಯುತ್ತಿತ್ತು. ಒಲೆಯ ಹಿಂದೆ, ಮೊದಲು ತೋಟ ಶುರುವಾಗುತ್ತಿದ್ದ ಕಡೆ, ಸೋಯಾಬೀನ್ ಕೊಯ್ದ ಕೂಳೆ. ಅದರಾಚೆ ಹುಬ್ಬಳ್ಳಿ ಕಡೆ ಹೋಗುವ ಲಾರಿಗಳು ಒಂದರ ಹಿಂದೊಂದು ಕಾಣುತ್ತಿದ್ದವು. ಆ ಮನೆಯಿಂದ ಲಾರಿ ಕಾಣುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿಯೇ ಇಲ್ಲ. ಸದ್ದು ಮಾತ್ರ ಎಲೆಗಳ ನಡುವಿನಿಂದ ಬರುತ್ತಿತ್ತು.

ಆ ತೋಟ ಇಲ್ಲವಾದ ವರ್ಷದ ಬಗ್ಗೆ ನಾನು ಯಾರೊಂದಿಗೂ ಸರಿಯಾಗಿ ಮಾತಾಡಿಲ್ಲ. ಇದು ನನ್ನನ್ನು ಬಲ್ಲವರಿಗೆ ಅಚ್ಚರಿಯ ಮಾತು. ನಾನು ಕಾನೂನು ಓದುವವಳು, ಅದಕ್ಕೂ ಮೊದಲಿನಿಂದ ಚರ್ಚಾಸ್ಪರ್ಧೆಯ ಹುಡುಗಿ. ಪರವಾಗಿ ಮಾತಾಡು ಎಂದರೂ ಸೈ, ವಿರುದ್ಧ ಮಾತಾಡು ಎಂದರೂ ಸೈ. ಊಟಕ್ಕೆ ಕೂತಲ್ಲಿ "ಇದಕ್ಕೇನು ಆಧಾರ?" ಎಂದು ಕೇಳಿ ಎಷ್ಟೋ ಜನರ ಊಟ ಕೆಡಿಸಿದ್ದೇನೆ. ಆ ವರ್ಷ ನಾನಾಡಿದ ವಾದಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇದ್ದವು. ಅದರಿಂದ ಒಂದು ಗಿಡವೂ ಉಳಿಯಲಿಲ್ಲ.

ಗಿರಿಜತ್ತಿ ನನ್ನ ಅಪ್ಪನ ತಂಗಿ. ಊರು ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ಸತ್ತೂರು ದಾಟಿದ ಮೇಲೆ ಒಳಗೆ. ಮಾವ ತೀರಿಕೊಂಡ ಮೇಲೆ ಪೇರಲ ತೋಟವನ್ನು ಅವಳೇ ನೋಡಿಕೊಂಡಳು. ಮಳೆಗಾಲದ ಹಣ್ಣನ್ನು ಬುಟ್ಟಿಯಲ್ಲಿಟ್ಟುಕೊಂಡು ರಸ್ತೆಯ ಬದಿಗೆ ತಾನೇ ಕೂರುತ್ತಿದ್ದಳು. ಚಳಿಗಾಲದ ಫಸಲನ್ನು ಹಳೇ ಹುಬ್ಬಳ್ಳಿಯ ಹಣ್ಣಿನ ವ್ಯಾಪಾರಿ ಖಾದರ ಕಾಕಾ ಗಿಡದ ಮೇಲೆಯೇ ಕೊಳ್ಳುತ್ತಿದ್ದರು. ಹಣ್ಣು ಕೀಳುವುದಕ್ಕೆ ಅತ್ತಿಯದೊಂದು ರೀತಿ ಇತ್ತು: ತೊಟ್ಟಿನ ಜೊತೆ ಎರಡು ಎಲೆ ಇರಬೇಕು. ಎಲೆ ಬಾಡದಿದ್ದರೆ ಹಣ್ಣು ಇವತ್ತಿನದು. ಗಿರಾಕಿಗೆ ಬೇರೆ ಮಾತು ಬೇಕಿರಲಿಲ್ಲ.

ಗಿರಿಜತ್ತಿಗೆ ಒಬ್ಬಳೇ ಮಗಳು, ಸವಿತಾ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಅವಳನ್ನು ಕೊಟ್ಟದ್ದು ಅದೇ ಊರಿನ ನರ್ಸರಿಯವರ ಮನೆಗೆ. ಗಂಡ ಮಹೇಶ ಮಾಮಾ ಬರೀ ತೆಂಗು, ಮಾವಿನ ಸಸಿ ಮಾರಿಕೊಂಡಿದ್ದ ಮನೆತನದಲ್ಲಿ ಹಸಿರುಮನೆ ಕಟ್ಟಿಸಿ, ಅದರ ತುಂಬ ಶೋಕಿಯ ಗಿಡ ತಂದಿಟ್ಟವರು. ಥಾಯ್ಲೆಂಡಿನಿಂದ, ನಡುವೆ ಇನ್ಯಾರೋ ವ್ಯಾಪಾರಿಯ ಕೈದಾಟಿ, ರಟ್ಟಿನ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಹುಬ್ಬಳ್ಳಿಯ ಹೊಸ ಮನೆಗಳ ಬಾಲ್ಕನಿಗೆಲ್ಲ ಅಲ್ಲಿಂದಲೇ ಹೋಗುತ್ತಿದ್ದವು.

ಮದುವೆಯಾದ ಮರುವರ್ಷ ಸವಿತಾಳಿಗೆ ನಾಲ್ಕನೆಯ ತಿಂಗಳಲ್ಲಿ ಗರ್ಭ ಹೋಯಿತು. ಸತ್ತೂರಿನ ದವಾಖಾನೆಯಲ್ಲಿ ಡಾಕ್ಟರು ಇದು ಯಾರ ತಪ್ಪೂ ಅಲ್ಲ ಎಂದರು. ಆದರೆ ಸವಿತಾಳ ಅತ್ತೆ ನೀಲವ್ವನಿಗೆ ಒಂದು ಕಾರಣ ಬೇಕಿತ್ತು. ಹಿಂದಿನ ವಾರ ಸವಿತಾ ತವರಿಗೆ ಹೋಗಿ ಪೇರಲ ತಿಂದು ಬಂದಿದ್ದಳು. "ತಂಪಿನ ಹಣ್ಣು. ತವರಮನ್ಯಾಗ ತಡದು ಹೇಳವ್ರು ಬೇಕಿತ್ತು" ಎಂದರು ನೀಲವ್ವ, ಎಲ್ಲರೆದುರು, ಅಳುತ್ತಲೇ. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು. ಅವರು ಖರೇನೇ ಅಳುತ್ತಿದ್ದರು.

ನಾನು ಅಲ್ಲಿಯೇ ಎದ್ದು ನಿಂತೆ. "ಅತ್ತೀರ, ಒಂದಾದ ಮ್ಯಾಲೆ ಇನ್ನೊಂದು ಆತಂದ್ರ, ಮೊದಲಿಂದನ ಎರಡನೇದು ಆತು ಅಂತ ಅನ್ನಾಕ ಬರೂದಿಲ್ರಿ. ಆ ದಿನ ಆಕಿ ಅನ್ನಾನೂ ಉಂಡಾಳ, ನೀರೂ ಕುಡದಾಳ" ಎಂದೆ. ಮಹೇಶ ಮಾಮಾ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದರು. ಗಿರಿಜತ್ತಿ ಮಾತ್ರ ತಲೆ ಎತ್ತಲಿಲ್ಲ. ಆ ದಿನದಿಂದ ಅವಳು ಮಗಳ ಮನೆಗೆ ಪೇರಲ ಒಯ್ಯುವುದನ್ನು ಬಿಟ್ಟಳು.

ಸವಿತಾ ಮತ್ತೆ ಬಸುರಾದದ್ದು ನಾನು ಹೇಳಬೇಕೆಂದಿರುವ ವರ್ಷದಲ್ಲಿ. ಕಾರಹುಣ್ಣಿಮೆಯ ಆಸುಪಾಸು ಕುಬಸದ ಕಾರ್ಯ, ಅಂದರೆ ಸೀಮಂತ, ಇಟ್ಟರು. ಮಳೆ ಬರುತ್ತೇನೆ ಎಂದು ಹೇಳಿ ಬಾರದ ದಿನಗಳವು. ಊರಿನ ಹೆಣ್ಣುಮಕ್ಕಳೆಲ್ಲ ಬಂದರು, ಹಸಿರು ಬಳೆ, ಹಾಡು, ನಗೆ. ಸವಿತಾಳ ಮುಖದಲ್ಲಿ ನಗೆಯ ಕೆಳಗೆ ಅಂಜಿಕೆ ಇದ್ದದ್ದು ನನಗೆ ಕಾಣುತ್ತಿತ್ತು. ಊಟವಾದ ಮೇಲೆ ನೀಲವ್ವ ಬಂದ ಮುತ್ತೈದೆಯರಿಗೆಲ್ಲ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಅದರ ಜೊತೆ ಈ ಸಲ ಒಬ್ಬೊಬ್ಬರಿಗೂ ಒಂದು ಪುಟ್ಟ ಕುಂಡ. ಅದರಲ್ಲಿ ಆಲದ ಜಾತಿಯದೊಂದು ಕುಳ್ಳ ಗಿಡ, ಎಣ್ಣೆ ಹಚ್ಚಿದಂತೆ ಹೊಳೆಯುವ ಎಲೆ, ಎಲೆಯಂಚಿಗೆ ಬಿಳಿ ಗೆರೆ.

"ಇದು ಫಾರಿನ್ ಗಿಡ ಐತ್ರೆವಾ. ಸವಿತಾನ ಹೆಸರಿನ್ಯಾಗ ಕೊಡಾಕತ್ತೇನಿ. ನಿಮ್ಮ ಮನ್ಯಾಗ ಇದು ಚಿಗತಂಗ ನಮ್ಮ ಮನ್ಯಾಗ ಕೂಸು ಬೆಳೀಲಿ" ಎಂದರು ನೀಲವ್ವ.

ವಿಧವೆಗೆ ಉಡಿ ತುಂಬುವ ವಾಡಿಕೆ ಇಲ್ಲ. ಆದರೆ ನೀಲವ್ವ ಗಿರಿಜತ್ತಿಯನ್ನು ಒಳಗೆ ಕರೆದು, ಅವಳ ಕೈಗೂ ಒಂದು ಕುಂಡ ಕೊಟ್ಟರು. ಹಿಂದಿನ ಮಾತಿಗೆ ಅದು ಅವರ ಕ್ಷಮೆ ಇರಬೇಕು. ಅತ್ತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಹಿತ್ತಿಲ ಕಟ್ಟೆಯ ಮೇಲೆ, ತೋಟಕ್ಕೆ ಮುಖ ಮಾಡಿ ಇಟ್ಟಳು. ದಿನಾ ನೀರು ಹಾಕಿದಳು. ಹೀಗೆ ಒಂದು ಮಧ್ಯಾಹ್ನದಲ್ಲಿ ಆ ಗಿಡ ಊರಿನ ಪ್ರತಿ ಓಣಿಯನ್ನು, ಹೆಚ್ಚುಕಡಿಮೆ ಪ್ರತಿ ತೋಟವನ್ನು ಸೇರಿತು. ಯಾವ ವ್ಯಾಪಾರಿಯೂ ಅಷ್ಟು ಲಗೂ ಹಂಚಲಾರ.

ಶ್ರಾವಣದಲ್ಲಿ ಮಳೆ ಬರೀ ಜಿಟಿಜಿಟಿ. ಒಂದು ಭಾನುವಾರ ಹೋದಾಗ ಅತ್ತಿ ಪೇರಲ ಎಲೆ ತಿರುಗಿಸಿ ತೋರಿಸಿದಳು. ಎಲೆಯಡಿ ಬಿಳಿ ಪುಡಿ, ಸುರುಳಿ ಸುರುಳಿಯಾಗಿ ಯಾರೋ ರಂಗೋಲಿ ಎಳೆದು ಬಿಟ್ಟಂತೆ.

"ನಮ್ಮ ಗಿಡ ದೀಕ್ಷಾ ತಗೊಂಡಾವ ನೋಡ. ವಿಭೂತಿ ಹಚ್ಗೊಂಡಾವ" ಎಂದಳು.

"ಲಿಂಗಾ ಯಾವಾಗ ಕಟ್ಟತೀ ಮತ್ತ?" ಎಂದೆ. ಇಬ್ಬರೂ ನಕ್ಕೆವು.

ಭಾದ್ರಪದ ಬರುವಷ್ಟರಲ್ಲಿ ನಗುವುದಕ್ಕೆ ಏನೂ ಉಳಿದಿರಲಿಲ್ಲ. ಕೊಂಬೆ ಅಲುಗಿಸಿದರೆ ಬಿಳಿ ನೊಣಗಳು ಹಿಟ್ಟು ಎರಚಿದಂತೆ ಏಳುತ್ತಿದ್ದವು. ಅವು ಸುರಿಸಿದ ಅಂಟಿಗೆ ಕೆಳಗಿನ ಎಲೆಗಳೆಲ್ಲ ಜಿಗಟಾಗಿ, ಆ ಜಿಗಟಿನ ಮೇಲೆ ಕಪ್ಪು ಬೂಷ್ಟು ಬೆಳೆದು, ತೋಟವಿಡೀ ಒಲೆಯ ಮೇಲಿನ ಗೋಡೆಯ ಬಣ್ಣಕ್ಕೆ ತಿರುಗಿತು. ಹಣ್ಣಿಗೂ ಅದೇ ಮಸಿ. ಎಲೆ ಸಮೇತ ಕಿತ್ತರೆ ಗಿರಾಕಿ ಎಲೆ ನೋಡಿಯೇ ಮುಂದೆ ಹೋಗುತ್ತಿದ್ದ. ಎಲೆ ತೆಗೆದು ಮಾರಿದರೆ "ನಿನ್ನೀದೇನವಾ?" ಎಂದು ಕೇಳುತ್ತಿದ್ದ. ಅತ್ತಿ ಒದ್ದೆ ಬಟ್ಟೆ ಹಿಡಿದು ಒಂದೊಂದೇ ಹಣ್ಣು ಒರೆಸುತ್ತ ಕೂರುವುದನ್ನು ನಾನು ಆ ತಿಂಗಳು ನೋಡಿದೆ. ಬುಟ್ಟಿ ಮುಗಿಯುವಷ್ಟರಲ್ಲಿ ಮೊದಲು ಒರೆಸಿದ ಹಣ್ಣು ಬಾಡಿರುತ್ತಿತ್ತು.

ಸೊಪ್ಪನ್ನು ಡಬ್ಬಿಯಲ್ಲಿ ಹಾಕಿಕೊಂಡು ಧಾರವಾಡದಲ್ಲಿ ಒಬ್ಬ ಕೀಟತಜ್ಞೆಯ ಹತ್ತಿರ ಒಯ್ದೆ. ನಮ್ಮ ಖೋಲಿಯ ಮಾಲಕರ ಪರಿಚಯದವರು, ಮಾತು ಕಡಿಮೆ. ಮರುದಿನವೇ ತೋಟಕ್ಕೆ ಬಂದರು. ಅತ್ತಿಯನ್ನು ಕೇಳಿದ ಮೊದಲ ಪ್ರಶ್ನೆ: "ಇತ್ತೀಚಿಗೆ ಹೊರಗಿಂದ ಯಾವುದಾರ ಗಿಡ ತಂದೀರೇನ್ರಿ?" ಅತ್ತಿ ಇಲ್ಲವೆಂದಳು. ಅವಳ ಲೆಕ್ಕದಲ್ಲಿ ಅದು ತಂದ ಗಿಡವಲ್ಲ, ಬಂದ ಗಿಡ. ಮೇಡಂ ಕಟ್ಟೆಯ ಮೇಲಿನ ಕುಂಡ ನೋಡಿದರು. ಆಲದ ಗಿಡದ ಎಲೆ ತಿರುಗಿಸಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ಅವರು ಎರಡು ಮಾತು ಹೇಳಿ ಹೋದರು. ಒಂದು, ಊರಲ್ಲಿರುವ ಈ ಕುಂಡಗಳನ್ನೆಲ್ಲ ಇದೇ ವಾರ ಸುಡಬೇಕು, ನರ್ಸರಿಯಿಂದ ಇನ್ನೊಂದು ಗಿಡ ಹೊರಗೆ ಹೋಗಬಾರದು. ಎರಡು, ತೋಟಕ್ಕೆ ಕಡು ವಿಷ ಹೊಡೆಯಬಾರದು. ಈ ನೊಣದ ಮೈಯೊಳಗೆ ಮೊಟ್ಟೆ ಇಡುವ ಒಂದು ಸಣ್ಣ ಕಣಜ ಇದೆ, ನೊಣ ಹೋದಲ್ಲಿ ಅದೂ ತಡವಾಗಿ ಹೋಗುತ್ತದೆ, ಒಂದು ವರ್ಷ ಹಣ್ಣಿನ ಆಸೆ ಬಿಟ್ಟು ಗಿಡ ಉಳಿಸಿಕೊಂಡರೆ ಗಿಡ ತಾನಾಗಿ ಸುಧಾರಿಸುತ್ತದೆ.

"ಖಾತ್ರಿ ಏನ್ರಿ?" ಎಂದೆ ನಾನು. ರೂಢಿ.

"ಖಾತ್ರಿ ಇಲ್ಲ. ಆದ್ರ ಇದಕ್ಕಿಂತ ಛಲೋ ದಾರಿ ನನಗ ಗೊತ್ತಿಲ್ಲ" ಎಂದರು. ಆ ಉತ್ತರದ ಮೇಲೆ ನನಗೆ ನಂಬಿಕೆ ಬಂತು. ಇಷ್ಟೇ ಗೊತ್ತು, ಇಷ್ಟು ಗೊತ್ತಿಲ್ಲ ಎನ್ನುವವರು ನಮ್ಮ ಕಡೆ ಕಡಿಮೆ.

ಆ ಸಂಜೆಯೇ ನರ್ಸರಿಗೆ ಹೋದೆ. ಮಹೇಶ ಮಾಮಾ ಹಸಿರುಮನೆಯ ಬಾಗಿಲಲ್ಲಿ ಹೊಸ ಪೆಟ್ಟಿಗೆ ಬಿಚ್ಚಿಸುತ್ತಿದ್ದರು. ವಿಷಯ ಹೇಳಿದೆ. ಅವರು ಕಾಗದ ತೋರಿಸಿದರು. ಎಲ್ಲಕ್ಕೂ ಮೊಹರು ಬಿದ್ದಿತ್ತು, ರೋಗವಿಲ್ಲ, ಹುಳವಿಲ್ಲ. ಮೊಟ್ಟೆಗೆ ಕಾಗದ ಓದಲು ಬರುವುದಿಲ್ಲ ಎಂದೆ.

"ನೋಡವಾ," ಎಂದರು ಅವರು, ಒಂದು ಚೂರೂ ಸಿಟ್ಟಿಲ್ಲದೆ, "ಹ್ವಾದ ಸಲ ನೀನ ನಮ್ಮವ್ವಗ ಹೇಳಿದ್ದಿ. ಒಂದಾದ ಮ್ಯಾಲೆ ಇನ್ನೊಂದು ಆದ್ರ ಮೊದಲಿಂದ ಕಾರಣ ಅಂತ ಅನ್ನಾಕ ಬರೂದಿಲ್ಲಂತ. ನಮ್ಮ ಗಿಡ ಬಂದ ಮ್ಯಾಲೆ ನಿಮ್ಮ ತ್ವಾಟಕ್ಕ ಹುಳ ಬಂತು. ಅಷ್ಟಕ್ಕ ನಮ್ಮ ಗಿಡದಿಂದನ ಬಂತೇನು?"

"ಮಾಮಾರ, ಅಲ್ಲಿ ಕಾರಣ ಯಾರಿಗೂ ಕಂಡಿದ್ದಿಲ್ಲ. ಇಲ್ಲಿ ಎಲಿ ತಿರುವಿದ್ರ ಕಾಣ್ತೈತಿ."

"ಕಾಣ್ತೈತಿ ಹೌದು. ನಿಮ್ಮ ತ್ವಾಟದಿಂದ ನಮ್ಮ ಗಿಡಕ್ಕ ಬಂದಿದ್ರ? ಕುಬಸದ ದಿನಾ ಯಾರರ ಎಲಿ ತಿರುವಿ ನೋಡಿದ್ರೇನು?"

ಯಾರೂ ನೋಡಿರಲಿಲ್ಲ. ಸ್ಪರ್ಧೆಯಲ್ಲಾಗಿದ್ದರೆ ಅವರಿಗೆ ಅಂಕ ಕೊಡುತ್ತಿದ್ದೆ. ಕೂಲಿಯವನು ಅಷ್ಟರಲ್ಲಿ ಪೆಟ್ಟಿಗೆ ಬಿಚ್ಚಿದ. ಒಳಗಿನ ಗಿಡಗಳು ಬಹಳ ಚಂದ ಇದ್ದವು.

ಇನ್ನು ಉಳಿದದ್ದು ಮನೆಮನೆಯ ಕುಂಡ. ನಾಲ್ಕು ಮನೆಗೆ ಹೋದೆ. ಎಲ್ಲರೂ ಕೂರಿಸಿದರು, ಚಹಾ ಕೊಟ್ಟರು, ಎಲೆ ತಿರುಗಿಸಿ ನೋಡಿ ಅಯ್ಯ ಎಂದರು. ಸುಡುತ್ತೇವೆ ಎಂದು ಒಬ್ಬರೂ ಹೇಳಲಿಲ್ಲ. ಕುಬಸದ ಉಡಿಯಲ್ಲಿ, ಬಸುರಿಯ ಹೆಸರಿನಲ್ಲಿ ಬಂದ ಚಿಗುರನ್ನು ಅವಳು ಹಡೆಯುವ ಮೊದಲು ಬೆಂಕಿಗೆ ಹಾಕುವುದೆಂದರೆ? "ಇನ್ನೊಂದ ತಿಂಗಳ ತಡಿಯವಾ. ಆಕಿ ಕೈಯಾಗ ಕೂಸು ಬರ್ಲಿ. ಆಮ್ಯಾಲೆ ನೀ ಹೇಳಿದಂಗ ಮಾಡೂನು" ಎಂದಳು ಒಬ್ಬಾಕೆ, ತಾನೇ ಎರಡು ಎಕರೆ ಪೇರಲ ಇಟ್ಟವಳು. ಅವಳ ತೋಟವೂ ಆಗಲೇ ಕಪ್ಪಾಗಿತ್ತು.

ಮೂಢನಂಬಿಕೆ ಎಂದು ಬೈದುಕೊಂಡೇ ಅತ್ತಿಯ ಹತ್ತಿರ ಬಂದೆ. ನೀನಾದರೂ ಮೊದಲು ಸುಡು, ಉಳಿದವರು ಹಿಂದೆ ಬರುತ್ತಾರೆ ಎಂದೆ. ಅವಳು ಒರೆಸುತ್ತಿದ್ದ ಹಣ್ಣನ್ನು ಬುಟ್ಟಿಯಲ್ಲಿಟ್ಟಳು.

"ಕೂಸಿಗೂ ಗಿಡಕ್ಕೂ ಸಂಬಂಧ ಇಲ್ಲಂತ ನನಗ ಗೊತ್ತಿಲ್ಲೇನ? ಗೊತ್ತೈತಿ. ಆದ್ರ ನಾ ಸುಟ್ಟ ಮ್ಯಾಲೆ ಏನರ ಹೆಚ್ಚುಕಮ್ಮಿ ಆತಂದ್ರ ಯಾರ ಹೆಸರ ಹೇಳ್ತಾರ? ಹ್ವಾದ ಸಲ ಪೇರಲ ಕೊಟ್ಟಿದ್ಲು, ಈ ಸಲ ಗಿಡಾ ಸುಟ್ಲು ಅಂತಾರ. ಅದು ನನ್ನ ಮಗಳ ತಲಿಮ್ಯಾಲೆ ಬರ್ತೈತಿ. ಆಕಿ ಆ ಮನ್ಯಾಗ ಬಾಳೇ ಮಾಡಬೇಕು. ನೀ ಬಂದು ಅಲ್ಲಿ ವಾದ ಮಾಡ್ತೀ, ಗೆಲ್ಲತೀ, ಬಸ್ ಹತ್ತತೀ."

ಅವಳು ನಂಬಿಕೆಯ ಬಗ್ಗೆ ಮಾತಾಡಿರಲಿಲ್ಲ. ಅಪಾಯದ ಲೆಕ್ಕ ಹೇಳಿದ್ದಳು, ಮತ್ತು ಅದು ಸರಿಯಾಗಿತ್ತು.

ಕೊನೆಗೆ ಸವಿತಾಳನ್ನು ಸತ್ತೂರಿನಲ್ಲಿ ಭೆಟ್ಟಿಯಾದೆ. ತಪಾಸಣೆಗೆ ಬಂದಿದ್ದಳು, ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ಊದಿದ ಪಾದ. ಅವಳೇ ಒಂದು ಮಾತು ಹೇಳಿದರೆ ಊರಿಡೀ ಕುಂಡ ಸುಡುತ್ತದೆ ಎನ್ನುವುದು ನನ್ನ ಲೆಕ್ಕ. ಎಲ್ಲವನ್ನೂ ಕೇಳಿಸಿಕೊಂಡಳು. ನಡುವೆ ಒಮ್ಮೆ "ಅವ್ವನ ಗಿಡಾ ಅಷ್ಟ ಕೆಟ್ಟಾವೇನ?" ಎಂದಳು. ಹೌದು ಎಂದೆ. ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ನಾ ಇದನ್ನೆಲ್ಲಾ ನಂಬೂದಿಲ್ಲ, ನಿನಗ ಗೊತ್ತೈತಿ," ಎಂದಳು. "ಆದ್ರೂ ಈಗ ಬ್ಯಾಡ. ನನಗ ಅಂಜಿಕಿ ಬರ್ತೈತಿ. ನೀ ಏನರ ಅನ್ನು."

ಅವಳ ಸರದಿ ಬಂತು, ಕೈ ಹಿಡಿದು ಎಬ್ಬಿಸಿದೆ.

ಕೂಸು ಸೀಗಿ ಹುಣ್ಣಿಮೆಯ ಮುಂಚೆ ಹುಟ್ಟಿತು. ಗಂಡು, ಆರೋಗ್ಯವಾಗಿತ್ತು. ಆ ಸುದ್ದಿ ಕೇಳಿದ ಕ್ಷಣದ ನನ್ನ ಸಂತೋಷದಲ್ಲಿ ಯಾವ ಬೆರಕೆಯೂ ಇರಲಿಲ್ಲ. ವಾರ ಬಿಟ್ಟು, ಸರಿ, ಈಗ ಕುಂಡ ಸುಡೋಣ ಎಂದು ಊರಿಗೆ ಹೋದರೆ, ಪ್ರತಿ ಮನೆಯಲ್ಲೂ ಕುಂಡಕ್ಕೆ ಅರಿಶಿನ ಕುಂಕುಮ ಬಿದ್ದಿತ್ತು. ಅದೀಗ ಸವಿತಾನ ಕೂಸಿನ ಗಿಡ. ಮಕ್ಕಳಾಗದ ಒಬ್ಬ ಸೊಸೆಯ ಮನೆಯವರು ಅದರಿಂದ ಒಂದು ಕೊಂಬೆ ಮುರಿದು ಒಯ್ದು ತಮ್ಮಲ್ಲಿ ಊರಿದ್ದರು. ಒಂದಾದ ಮೇಲೆ ಇನ್ನೊಂದು ಆದರೆ ಎಂದು ಬಾಯಿ ತೆರೆಯಲು ಹೋಗಿ ಮುಚ್ಚಿಕೊಂಡೆ.

ಆಮೇಲಿನದೆಲ್ಲ ಇಳಿಜಾರು. ಔಷಧಿ ಅಂಗಡಿಯವನ ಮಾತು ಕೇಳಿ ಊರಿನವರು ಎರಡು ಮೂರು ವಿಷ ಕೂಡಿಸಿ ಹೊಡೆದರು. ಹತ್ತು ದಿನ ತೋಟ ಸ್ವಚ್ಛ. ಜೇನ್ನೊಣವೂ ಇಲ್ಲ, ಗುಲಗಂಜಿ ಹುಳವೂ ಇಲ್ಲ, ಹಕ್ಕಿ ಕೂಡ ಕಡಿಮೆ. ಆಮೇಲೆ ಬಿಳಿ ನೊಣ ಮೊದಲಿಗಿಂತ ಹೆಚ್ಚಾಗಿ ಬಂತು. ಅತ್ತಿ ಮಾತ್ರ ಹೊಡೆಯಲಿಲ್ಲ, ಮೇಡಂ ಮಾತು ಹಿಡಿದು ಕೂತಳು. ಚಳಿಗಾಲದ ಫಸಲು ನೋಡಲು ಬಂದ ಖಾದರ ಕಾಕಾ ತೋಟದೊಳಗೆ ಹೋಗಿ, ಹೊರಗೆ ಬಂದು, ಬಿಳಿ ಅಂಗಿಯ ಮೇಲಿನ ಮಸಿ ನೋಡಿಕೊಳ್ಳುತ್ತ ನಿಂತರು.

"ಗಿರಿಜಕ್ಕಾ, ಒಳಗ ಸಕ್ಕರಿ ಐತಿ, ನನಗ ಗೊತ್ತು. ಆದ್ರ ಗಿರಾಕಿ ಹೊರಗ ನೋಡ್ತಾನ."

"ಒಂದ ವರ್ಷ ತಡಿರಿ. ಗಿಡಾ ಸುಧಾರಸ್ತಾವಂತ" ಎಂದಳು ಅತ್ತಿ.

"ನಾ ತಡೀತೇನಿ. ಗಿಡಾ ತಗೀಬ್ಯಾಡ್ರಿ ಮತ್ತ" ಎಂದರು ಅವರು.

ಅವಳು ತಡೆಯುತ್ತಿದ್ದಳು. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಅವಳನ್ನು ಸೋಲಿಸಿದ್ದು ನೊಣವಲ್ಲ, ಫಸಲಲ್ಲ.

ಬಾಣಂತನಕ್ಕೆ ಮಗಳು ತವರಿಗೆ ಬರಬೇಕು. ಅತ್ತಿ ಖೋಲಿ ಸಾರಿಸಿ, ತೊಟ್ಟಿಲಿಗೆ ಹೊಸ ಹಗ್ಗ ಹಾಕಿ, ಬಾಣಂತಿಗೆ ಅಳವಿ ಉಂಡಿ ಕಟ್ಟಿಟ್ಟು ಕಾದಳು. ನೀಲವ್ವ ಒಂದು ದಿನ ಬಂದು ಹಿತ್ತಿಲಲ್ಲಿ ನಿಂತರು. ಗಾಳಿಗೆ ಎಲೆಯಡಿಯ ಬಿಳಿ ಪುಡಿ ಹಾರಿ ಬಂದು ಬರಲಿರುವ ಕೂಸಿಗೆಂದು ಒಗೆದು ಹಾಕಿದ್ದ ದುಪಟಿಯ ಮೇಲೆ ಕೂತಿತು. ಅವರು ಅದನ್ನು ಬೆರಳಲ್ಲಿ ಒರೆಸಿ ನೋಡಿದರು.

"ಬೀಗರ, ಸಿಟ್ಟಾಗಬ್ಯಾಡ್ರಿ. ಈ ಧೂಳಿ ಕೂಸಿನ ಉಸಿರಿನ್ಯಾಗ ಹೋದ್ರ? ಒಂದ್ಸಲ ಸುಟ್ಟುಕೊಂಡೇವಿ ನಾವು. ಈ ತ್ವಾಟ ಹಿಂಗ ಇರೂತನಕ ನಾ ಕಳಸೂದಿಲ್ರಿ."

ಕೆಟ್ಟ ಧ್ವನಿಯಲ್ಲಿ ಹೇಳಲಿಲ್ಲ. ಕೈ ಮುಗಿದರು ಕೂಡ. ಪಕ್ಕದ ಕಟ್ಟೆಯ ಮೇಲೆ ಅವರೇ ಕೊಟ್ಟ ಕುಂಡ ಇತ್ತು, ಕುಂಕುಮ ಹಚ್ಚಿಕೊಂಡು.

ಅತ್ತಿ ಎಷ್ಟು ದಿನ ತಾಳಿದಳೋ ನನಗೆ ಹೇಳಲಿಲ್ಲ. ಪರೀಕ್ಷೆ ಮುಗಿಸಿ ಹೋದಾಗ ಜೆಸಿಬಿ ಕೊನೆಯ ಸಾಲಿನಲ್ಲಿತ್ತು. ಪೇರಲ ಕಡಿದರೆ ಮತ್ತೆ ಚಿಗುರುತ್ತದೆ, ಅದಕ್ಕೇ ಬೇರು ಸಮೇತ ತೆಗೆಸುತ್ತಿದ್ದಳು. ಬೇರಿಗೆ ಹತ್ತಿದ ಕೆಮ್ಮಣ್ಣು ಹಸಿಯಾಗಿತ್ತು. ನಾನು ಓಡಿಹೋಗಿ ಡ್ರೈವರಿಗೆ ನಿಲ್ಲಿಸು ಎಂದೆ. ಅವನು ಅತ್ತಿಯ ಕಡೆ ನೋಡಿದ. ಅತ್ತಿ ತಗಿ ಎಂದು ಕೈ ಮಾಡಿದಳು.

"ಮೇಡಂ ಒಂದ್ ವರ್ಷ ಅಂದಿದ್ರಲ್ಲಾ ಅತ್ತೀ..."

"ಕೂಸು ಒಂದ್ ವರ್ಷ ಸಣ್ಣದ ಇರ್ತೈತೇನ?" ಎಂದಳು.

ಮರುವಾರ ಸವಿತಾ ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಹಿತ್ತಿಲ ಬಾಗಿಲು ತೆರೆದು, ಬಯಲು ನೋಡಿ, ಮತ್ತೆ ಹಾಕಿದಳು. ಅಲ್ಲಿದ್ದಷ್ಟು ದಿನವೂ ಆ ಬಾಗಿಲು ತೆರೆಯಲಿಲ್ಲ ಎಂದು ಅತ್ತಿಯೇ ನನಗೆ ಹೇಳಿದ್ದು.

ಮುಂದಿನ ಮಳೆಗಾಲದಲ್ಲಿ ಕಣಜ ಬಂತು. ಮೇಡಂ ಫೋನ್ ಮಾಡಿ ಹೇಳಿದರು, ಸುತ್ತಲಿನ ಊರುಗಳಲ್ಲಿ ಉಳಿದ ತೋಟಗಳಲ್ಲಿ ನೊಣ ಇಳಿಯುತ್ತಿದೆ, ನಿಮ್ಮ ಅತ್ತಿಯವರ ಗಿಡ ಹೇಗಿವೆ ಎಂದು ಕೇಳಿದರು. ನಾನು ಹೇಳಿದೆ. ಸುಡಬೇಕಾದ್ದನ್ನು ನಾವು ಕಾದೆವು, ಕಾಯಬೇಕಾದ್ದನ್ನು ಕಿತ್ತೆವು. ಇದನ್ನು ಯಾವ ವೇದಿಕೆಯ ಮೇಲೆ ನಿಂತು ಹೇಳಲಿ, ಯಾರ ವಿರುದ್ಧ ಹೇಳಲಿ ಎನ್ನುವುದು ನನಗೆ ಇನ್ನೂ ತಿಳಿದಿಲ್ಲ. ಹುಡುಕಿದರೆ ಎಲ್ಲರ ಕೈಯಲ್ಲೂ ಒಂದು ಕೂಸು ಇದೆ.

ಮೊನ್ನೆ ಜವಳದ ದಿನ ಕಟ್ಟೆಯ ಮೇಲಿನ ಕುಂಡ ನೋಡಿದೆ. ಆಲದ ಗಿಡ ನನ್ನ ಸೊಂಟದೆತ್ತರ ಬೆಳೆದಿತ್ತು. ಎಲೆ ತಿರುಗಿಸಿದೆ. ಒಣಗಿದ ಕರೀ ಚುಕ್ಕೆಗಳು, ಒಂದೊಂದರಲ್ಲೂ ಸೂಜಿ ಚುಚ್ಚಿದಷ್ಟು ದುಂಡನೆಯ ತೂತು. ಕಣಜ ಒಳಗೆ ಉಂಡು ಹೊರಗೆ ಹಾರಿಹೋದ ತೂತು. ಗಿಡ ಆರಾಮಾಗಿತ್ತು.

ಹಜಾಮರು ಕೂಸಿನ ತಲೆ ಬೋಳಿಸಿ ಎದ್ದರು. ಕೂಸು ಅತ್ತು ಅತ್ತು ಕೆಂಪಾಗಿತ್ತು. ಸವಿತಾ ಅದನ್ನು ಎತ್ತಿಕೊಂಡು ಹಿತ್ತಿಲಿಗೆ ಬಂದಳು. ಅತ್ತಿ ಒಲೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿದ್ದ ತೋಟದ ಕಟ್ಟಿಗೆಯ ರಾಶಿ ಮುಗಿದು, ನೆಲದ ಮೇಲೆ ಬರೀ ಸಿಪ್ಪೆ ಉಳಿದಿತ್ತು.

"ಇದ ಕಡೀ ತುಂಡ ನೋಡ. ಅವನ ನೀರಿಗೇ ಅಂತ ತಗದಿಟ್ಟಿದ್ದೆ" ಎಂದಳು ನನಗೆ, ಒಲೆಯೊಳಗಿನ ಕೊರಡನ್ನು ಒತ್ತುತ್ತ.

ಹೊಗೆ ತಿರುಗಿ ಕೂಸಿನ ಕಡೆ ಬಂತು. ಕೂಸು ಕೆಮ್ಮಿತು. ಒಂದೇ ಸಲ.

ಬಾಗಿಲಲ್ಲಿ ನಿಂತಿದ್ದ ನೀಲವ್ವ, "ಬೀಗರ, ಆ ಪೇರಲ ಹೊಗಿ ಕೂಸಿಗೆ ಬ್ಯಾಡ್ರಿ. ನಮ್ಮ ಮನಿತನಕ್ಕ ಅದು ಆಗಿಬರೂದಿಲ್ಲ" ಎಂದರು.

ನಾನು ಬಾಯಿ ತೆರೆದೆ. ಅತ್ತಿ ನನ್ನ ಕಡೆ ನೋಡದೆಯೇ ಬ್ಯಾಡ ಎಂದು ತಲೆ ಅಲ್ಲಾಡಿಸಿದಳು. ಆಮೇಲೆ ಉರಿಯುತ್ತಿದ್ದ ಕೊರಡನ್ನು ಹೊರಗೆಳೆದು, ಹಿತ್ತಿಲ ಮಣ್ಣಿನ ಮೇಲೆ ಹೊರಳಿಸಿ, ಕೂಸಿಗೆಂದು ಕಾಯಿಸಿದ್ದ ನೀರಿನಲ್ಲೇ ಒಂದು ತಂಬಿಗೆ ತುಂಬಿ ಅದರ ಮೇಲೆ ಸುರಿದಳು. ಸವಿತಾ ಕೂಸನ್ನು ನನ್ನ ಕೈಗೆ ಕೊಟ್ಟು, ಉಳಿದ ನೀರನ್ನು ಒಳಗೆ ಒಯ್ದು ಗ್ಯಾಸಿನ ಮೇಲಿಟ್ಟಳು.